ದಿಂಬಿನ ಗವಸು

ವಾಲ್ಪರೈಸೊದ ಗುಡ್ಡದ ಮೇಲೆ ನಮ್ಮ ಮನೆಗೆ
ನೂರ ಹನ್ನೆರಡು ಮೆಟ್ಟಿಲು.
ನೆಲಿದಾ ಹತ್ತಿ ಬರುವ ಸದ್ದಿನಲ್ಲೇ ಗೊತ್ತಾಗುತ್ತದೆ ನನಗೆ
ಇವತ್ತು ಯಾವುದಾದರೂ ಮಗುವನ್ನು
ಅದರ ಮನೆಯಿಂದ ಬಿಡಿಸಿ ಬಂದಳೇ ಎಂದು.
ಅಂಥ ದಿನ ಅರವತ್ತನೆಯ ಮೆಟ್ಟಿಲಲ್ಲಿ ನಿಲ್ಲುತ್ತಾಳೆ.
ನಾನು ಕೆಟಲಿನ ಉರಿ ತಗ್ಗಿಸಿ ಕಾಯುತ್ತೇನೆ.

ಹೆಸರು ಹೇಳುವುದಿಲ್ಲ ಅವಳು, ಹೇಳಬಾರದು.
ಹದಿನೇಳು ವರ್ಷದಿಂದ ನಮ್ಮ ಊಟದ ಮೇಜಿಗೆ
ಬರಿಯ ‘ಒಬ್ಬಾಕೆ’, ‘ಒಬ್ಬ ಮುದುಕ’, ‘ಆ ಅವಳಿಗಳು’
ಬಂದು ಹೋಗಿದ್ದಾರೆ.
ಬಂದರಿನ ಕ್ರೇನಿನಲ್ಲಿ ಕೂರುವವನು ನಾನು:
ಪೆಟ್ಟಿಗೆಯ ನಂಬರು ಗೊತ್ತು, ಒಳಗೇನಿದೆ ಗೊತ್ತಿಲ್ಲ.
ಅವಳದು ತಿರುವುಮುರುವು.

ನನ್ನ ತಾಯಿ ಮರೆವಿಗೆ ಬಿದ್ದ ವರ್ಷ
ರೊಟ್ಟಿ ಕಾಣೆಯಾಗುತ್ತಿತ್ತು.
ಬೆಕ್ಕನ್ನು ಬೈದೆವು, ಮಗನನ್ನು ಬೈದೆವು.
ಕೊನೆಗೆ ಸಿಕ್ಕಿತು ದಿಂಬಿನ ಗವಸಿನಲ್ಲಿ, ಕಲ್ಲಾಗಿ,
ಯಾವುದೋ ಹಳೆಯ ಹಸಿವಿಗೆಂದು ಎತ್ತಿಟ್ಟದ್ದು.
ನೆಲಿದಾ ತೆಗೆಯಲಿಲ್ಲ. ಪಕ್ಕದಲ್ಲಿ ಇನ್ನೊಂದು ಇಟ್ಟಳು, ಮೆತ್ತನೆಯದು.

ಮುಂದಿನ ಚಳಿಗಾಲ ಬಂದು ಹೇಳಿದಳು, ಕೋಟೂ ಬಿಚ್ಚದೆ:
“ಒಬ್ಬ ಮುದುಕ. ಏನೂ ತಿನ್ನುವುದಿಲ್ಲವೆಂದು ಫೈಲಿನಲ್ಲಿತ್ತು.
ನಾನು ಮೊದಲು ದಿಂಬು ಮುಟ್ಟಿ ನೋಡಿದೆ.”
ಅಮ್ಮ ಹೋಗಿ ಆಗಲೇ ಎಂಟು ತಿಂಗಳು.
ಆದರೂ ಅವತ್ತು ಅಮ್ಮನೂ
ಕೆಲಸಕ್ಕೆ ಹೋಗಿಬಂದಂತಿತ್ತು.

ಬಾಲ್ತಸಾರ್ ನನ್ನ ಜೇಬಿನಿಂದ ಹಣ ಕದ್ದ ರಾತ್ರಿ
‘ಯಾಕೆ?’ ಎಂದು ನಾನು ಗುಡುಗಿದ್ದೇ ಗುಡುಗಿದ್ದು.
ಹುಡುಗ ಗೋಡೆಯಾದ.
ಅವಳು ನೆಲದ ಮೇಲೆ ಕೂತು ಕಿತ್ತಳೆ ಸುಲಿಯತೊಡಗಿದಳು,
ಅವನ ಮುಖ ನೋಡದೆ ಕೇಳಿದಳು: “ಆಮೇಲೆ ಏನಾಯಿತು?”
ಮೂರನೆಯ ತೊಳೆಗೆ ಬಾಯಿ ಬಿಟ್ಟ.
ಆ ಪ್ರಶ್ನೆ ಯಾರ ಮನೆಯಲ್ಲಿ ಕಲಿತಳೋ,
ಎಷ್ಟು ಬಾಗಿಲು ಮುಖಕ್ಕೆ ಬಡಿಸಿಕೊಂಡು ಕಲಿತಳೋ.

ಎಲ್ಲ ದಿನವೂ ಹೀಗಲ್ಲ.
ಪರರ ಮಕ್ಕಳಿಗೆ ತಾಳ್ಮೆಯೆಲ್ಲ ಬಡಿಸಿ
ನಮಗೆ ತಟ್ಟೆಯ ಸದ್ದು ಮಾತ್ರ ಉಳಿದ ಸಂಜೆಗಳಿವೆ.
ಮಗನ ಹುಟ್ಟುಹಬ್ಬದ ಕೇಕನ್ನು
ಫೋನು ಕಿವಿಗಿಟ್ಟುಕೊಂಡೇ ಕತ್ತರಿಸಿದ್ದೂ ಇದೆ.
ಊರ ಉಸಾಬರಿ ಎನ್ನುತ್ತಾಳೆ ನನ್ನ ತಂಗಿ;
ಒಮ್ಮೊಮ್ಮೆ ನಾನೂ ತಲೆಯಾಡಿಸಿದ್ದೇನೆ.

ಮನೆ ಗೆದ್ದು ಮಾರು ಗೆಲ್ಲಬೇಕಂತೆ.
ಇವಳು ಎರಡನ್ನೂ ಗೆದ್ದವಳಲ್ಲ.
ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದಂತೆ
ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಕೈಸಾಲ.
ತೀರಿಸಿದ ಲೆಕ್ಕ ಯಾರೂ ಇಟ್ಟಿಲ್ಲ.

ಇವತ್ತು ಮತ್ತೆ ಅರವತ್ತನೆಯ ಮೆಟ್ಟಿಲಲ್ಲಿ ನಿಂತಿದ್ದಾಳೆ.
ಕಡಲ ಗಾಳಿ, ಬೀದಿದೀಪ ಇನ್ನೂ ಹತ್ತಿಲ್ಲ.
ನಾನು ಉರಿ ತಗ್ಗಿಸಿದೆ.
ಬಾಲ್ತಸಾರ್ ಕಿಟಕಿಯಿಂದ ನೋಡಿದ,
ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದುಕೊಂಡು
ಚಪ್ಪಲಿ ಹುಡುಕದೆ ಇಳಿದು ಹೋದ.