ಬಾಗಿಲಿನ ಆಚೆ ಮಗ್ಗುಲು

ಬಾಗಿಲನ್ನು ಭಾನುವಾರದ ಗುಜರಿಯಲ್ಲಿ ಕೊಂಡೆವು,
ಚೌಕಟ್ಟು ಸಮೇತ ಆರುನೂರು.
ಹನುಮಂತನಗರದ ರಂಗಮಂದಿರದ ಮೆಟ್ಟಿಲು ಹತ್ತಿಸುವಾಗ
ಹೊತ್ತವನು ಕೇಳಿದ: ‘ಯಾರ ಮನೇದು ಮೇಡಂ?’
ನಾಟಕದ್ದು, ಅಂದೆ.

ಹಸಿರು ಬಳಿದವಳು ನಾನೇ.
ಶ್ರೀರಾಮಪುರದ ನಮ್ಮ ವಠಾರದ ಬಾಗಿಲು ಹಸಿರೇ ಇತ್ತು.
ಆ ರಾತ್ರಿ ಅದನ್ನು ನೋಡಿದಷ್ಟು ಹೊತ್ತು
ಆಮೇಲೆ ಯಾವುದನ್ನೂ ನೋಡಿಲ್ಲ,
ಕಟ್ಟಿಕೊಂಡವನ ಮುಖವನ್ನೂ.

ನೀರಿನ ಜಗಳದ ಡಿಸೆಂಬರು.
ಬೀದಿ ತುದಿಗೆ ಟೈರು ಉರಿಯುತ್ತಿತ್ತು.
ಅಪ್ಪ ಚಿಕ್ಕರಂಗಯ್ಯ, ಮಾಗಡಿ ಕಡೆಯವನು,
ಮಿಲ್ಲಿನಿಂದ ಓಡಿ ಬಂದವನೇ
ಅಮ್ಮನ ಎಡಬಲದ ಮೂಗುಬೊಟ್ಟು ಬಿಚ್ಚಿಸಿದ.
ಪೂಂಗಾವನಂ ಅನ್ನುವ ಹೆಸರನ್ನು
ರೇಷನ್ ಕಾರ್ಡಿನ ಸಮೇತ ಅಕ್ಕಿ ಡಬ್ಬದ ತಳಕ್ಕಿಳಿಸಿದ.
‘ಬಾಯಿ ಬಿಡಬೇಡ. ಮೂಗಿ ಅಂತೀನಿ.’
ಅಮ್ಮ ಮೂಗಿಯಾದಳು.

ನನ್ನ ನಾಟಕದ ಎರಡನೇ ಅಂಕ ಇಷ್ಟೇ.
ಅಮ್ಮನ ಪಾತ್ರಕ್ಕೆ ಗದಗಿನ ವಿಶಾಲಾಕ್ಷಿ.
‘ಮಾತೇ ಇಲ್ಲದ ಪಾರ್ಟಿಗೆ ತಮಿಳು ಯಾಕ್ರೀ ಕಲೀಬೇಕು?’
ನುಂಗುವ ಮಾತು ಮೊದಲು ಬಾಯಲ್ಲಿರಬೇಕಲ್ಲ, ಅಂದೆ.
ಅಂಗೈ ಮೇಲೆ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಕಲಿತಳು,
ಬಸ್ಸಿನಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ.

ಅಣ್ಣ ಶಾಂತರಾಜುಗೆ ಆಗ ಹದಿನೇಳು.
ಬೆಳಿಗ್ಗೆ ಹೋದವನು ಬಂದಿರಲಿಲ್ಲ.
ಬಾಗಿಲ ಕೆಳಗಿನ ಸಂದಿಯಲ್ಲಿ ಕಾಲುಗಳು, ಕಾಲುಗಳು,
ನಡುವೆ ಒಂದು ಹವಾಯಿ ಚಪ್ಪಲಿ,
ಕಿತ್ತ ಪಟ್ಟಿಗೆ ಸೇಫ್ಟಿ ಪಿನ್ನು.
ಹಿಂದಿನ ದಿನ ಅಮ್ಮನೇ ತನ್ನ ಬಳೆಯಿಂದ ತೆಗೆದು ಚುಚ್ಚಿದ್ದು.
ಅವಳೂ ನೋಡಿದಳು.
ನಾನು ನೋಡಿದ್ದನ್ನೂ ನೋಡಿದಳು.

ಜನ ಏನಾದರೂ ಮನೆಗೆ ಒಯ್ಯಬೇಕು, ಅಂದರು ನಿರ್ದೇಶಕರು.
ಅದಕ್ಕೇ ಬಾಗಿಲಾಚೆಯಿಂದ ಒಂದು ದನಿ ಬರೆದೆ:
‘ಇದು ನಮ್ಮಮ್ಮನ ಮನೆ. ನಡೀರಿ.’
ಮೊದಲ ಷೋನಲ್ಲಿ ಚಪ್ಪಾಳೆ.

ನಿಜದಲ್ಲಿ ಯಾರೂ ಏನೂ ಅನ್ನಲಿಲ್ಲ.
ಮೂಗಿ, ಎಂದ ಅಪ್ಪ. ಅವರು ಪಕ್ಕದ ಮನೆಗೆ ಹೋದರು.
ಪಕ್ಕದ ಮನೆಯಲ್ಲಿ ಮೂಗರಿರಲಿಲ್ಲ.

ನಡುರಾತ್ರಿ ಬಂದ ಅಣ್ಣನಿಗೆ ಅಮ್ಮ ಅನ್ನ ಬಡಿಸಿದಳು.
ಅಷ್ಟು ದಿನ ‘ವಾಡಾ’ ಅನ್ನುತ್ತಿದ್ದವಳು
‘ಬಾರಪ್ಪ’ ಅಂದಳು.
ಸಾಯುವ ತನಕ ಹಾಗೇ ಅಂದಳು.

ನಾಟಕ ನೋಡಲು ಅಣ್ಣ ಪೀಣ್ಯದಿಂದ ನೇರ ಬಂದಿದ್ದ,
ಬಗಲಲ್ಲಿ ಟಿಫಿನ್ ಚೀಲ. ಹೊರಗೆ ಟೀ ಕುಡಿಯುತ್ತ
ಬಹಳ ಹೊತ್ತಾದ ಮೇಲೆ ಅಂದ:
‘ಬಾಗಿಲು ನೀಲಿ ಇತ್ತು ಕಣೇ.’
‘ಹಸಿರು.’
‘ನೀಲಿ. ಗುಳ್ಳೆ ಎದ್ದಿತ್ತು. ಚಿಲಕದ ಹತ್ತಿರ ಸುಲಿದು
ಅಡಿಯ ಬಿಳಿ ಕಾಣೋದು.’
ಗ್ಲಾಸಿನ ತಳ ನೋಡಿದ.
‘ಅಪ್ಪ ಹಸಿರು ಹೊಡೆದದ್ದು ಒಳಗಡೆ ಮಾತ್ರ.
ಡಬ್ಬ ಸಾಲಲಿಲ್ಲ.’
ಚಿಲ್ಲರೆ ಎಣಿಸಿ ಕೊಟ್ಟು, ಸ್ಕೂಟರು ಒದ್ದು, ಹೋದ.

ಮಾರನೇ ಬೆಳಿಗ್ಗೆ ಕಾಲು ಲೀಟರು ನೀಲಿ ತಂದೆ.
ಜನಕ್ಕೆ ಕಾಣದ ಮಗ್ಗುಲಿಗೆ,
ಪರದೆ ಸಂದಿಯ ಕತ್ತಲ ಕಡೆಗೆ ಬಳಿದೆ.
ಆ ಒಂದು ಸಾಲು ಹೊಡೆದುಹಾಕಿದೆ.
ನಿರ್ದೇಶಕರು ಮಾತು ಬಿಟ್ಟರು.

ಅಣ್ಣನ ಪಾತ್ರದ ಭರತೇಶ, ಮೆಡಿಕಲ್ ಅಂಗಡಿಯ ಹುಡುಗ,
ಈಗ ಬಾಗಿಲಾಚೆ ಸುಮ್ಮನೆ ನಿಲ್ಲಬೇಕು, ಅಷ್ಟೇ.
ಆ ರಾತ್ರಿ ಚಪ್ಪಾಳೆ ಇಲ್ಲ. ಯಾರೋ ಕೆಮ್ಮಿದರು.
ದೀಪ ಆರಿದ ಮೇಲೆ ಒಳಗೆ ಬಂದವನ
ಹಣೆಯ ತುಂಬ ಹಸಿ ನೀಲಿ.
‘ಒರಗಿ ನಿಂತಿದ್ದೆ ಅಕ್ಕ, ಯಾಕೋ ಗೊತ್ತಿಲ್ಲ.’

ಟರ್ಪೆಂಟೈನು ಸಿಗಲಿಲ್ಲ.
ವಿಶಾಲಾಕ್ಷಿ ತನ್ನ ಸೆರಗಿಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು
ಅವನ ಗದ್ದ ಹಿಡಿದು ಉಜ್ಜತೊಡಗಿದಳು.
‘ವಾಡಾ,’ ಅಂದಳು, ‘ಬೆಳಕಿಗೆ ವಾಡಾ.’
ಪೂರ್ತಿ ಹೋಗಲಿಲ್ಲ.