ಒಣಗದ ಐದು ಗಜ

ಬೈಕಂಪಾಡಿಯಲ್ಲಿ ಆಟಿ ತಿಂಗಳು ಬಟ್ಟೆ ಒಣಗುವುದಿಲ್ಲ.
ಒಣಗಿದ ಹಾಗೆ ನಟಿಸುತ್ತದೆ, ಅಷ್ಟೆ.
ಅಪ್ಪನ ನೀಲಿ ಪಗಡಿ, ಐದು ಗಜ,
ಅಡುಗೆಮನೆಯ ಕಿಟಕಿಯಿಂದ ಹೊರಟು
ಟೀವಿಯ ನೆತ್ತಿ ದಾಟಿ
ಕ್ಯಾಲೆಂಡರಿನ ಮೊಳೆಗೆ ಬಂದು ನಿಲ್ಲುತ್ತಿತ್ತು.
ಅದರಡಿ ಬಗ್ಗಿ ಬಗ್ಗಿಯೇ ನಾನು ದೊಡ್ಡವಳಾದದ್ದು.
ನಮ್ಮಲ್ಲಿ ಬಂದವರೆಲ್ಲ ತಲೆಬಾಗುತ್ತಿದ್ದರು
ಧರ್ಮಕ್ಕಲ್ಲ, ಒದ್ದೆ ಬಟ್ಟೆಗೆ.

ಲೂಧಿಯಾನದ ಕಡೆಯಿಂದ ಬಂದಿರಿ ನೀವು, ಜ್ಞಾನೀಜಿ,
ಜೋಳಿಗೆಯಲ್ಲಿ ತೆಳ್ಳಗಿನ ಪುಸ್ತಕ.
ಟಯರ್ ಅಂಗಡಿಯ ಮಾಳಿಗೆಯ ನಮ್ಮ ಗುರುದ್ವಾರದಲ್ಲಿ,
ಕೆಳಗೆ ಪಂಕ್ಚರಿನ ಸುತ್ತಿಗೆ ತಾಳ ಹಾಕುತ್ತಿರಲು,
ಬೆರಳಿಟ್ಟು ಓದಿ ಹೇಳಿದಿರಿ:
ಸತ್ತವರಿಗೆ ಎಡೆ ಇಡಬಾರದು.
ದೀಪ ಇಡಬಾರದು. ಎದೆ ಬಡಿದು ಅಳಬಾರದು.
ಹಿಂದಿನ ಗೋಡೆಗೆ ಒರಗಿದ್ದ ಅಮ್ಮ
ಭಾಷೆ ಬಾರದವಳ ಹಾಗೆ ಸೆರಗು ಸರಿಮಾಡಿಕೊಂಡಳು.
ಅವಳಿಗೆ ಬರುತ್ತದೆ. ಹಿಂದಿ ಪೂರ್ತಿ,
ಪಂಜಾಬಿ ಬೈಗುಳದಷ್ಟು.

ಬೋಳೂರಿನ ಸುನಂದಾ ಕರ್ಕೇರ,
ಪಣಂಬೂರಿನ ಗೇಟಿನೆದುರು ಊಟದ ಗಾಡಿ ಇಟ್ಟವಳು.
ಗ್ಯಾಸ್ ಟ್ಯಾಂಕರಿನ ತರಲೋಚನ್ ಸಿಂಗನ ಗಡ್ಡದಲ್ಲಿ
ಬಂಗುಡೆಯ ಮುಳ್ಳು ಸಿಕ್ಕಿದ ದಿನ
ನಕ್ಕಿದ್ದಳಂತೆ. ಅಲ್ಲಿಂದ ಶುರು.
ಮೂವತ್ತು ವರ್ಷ ನಿಮ್ಮ ಲಂಗರಿನ ರೊಟ್ಟಿ ತಟ್ಟಿದ್ದು
ಅದೇ ಕೈ.
ಈಗ ಆಟಿಯಲ್ಲಿ, ಅಪ್ಪ ಇಲ್ಲದ ಎರಡನೇ ವರ್ಷ,
ಬಾಳೆಲೆಗೆ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ,
ಪಕ್ಕದಲ್ಲಿ ಎರಡು ರೊಟ್ಟಿ.
"ಅನ್ನದಲ್ಲಿ ಅವರಿಗೆ ಹೊಟ್ಟೆ ತುಂಬುವುದಿಲ್ಲ" ಎಂದು.
ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತೇವೆ.
ಒಳಗೆ ಯಾರೂ ತಿನ್ನುವುದಿಲ್ಲ, ನನಗೂ ಗೊತ್ತು.
ಆದರೆ ಬಾಗಿಲು ತೆರೆಯುವ ಮುಂಚೆ
ಅಮ್ಮ ಒಮ್ಮೆ ಕೆಮ್ಮುತ್ತಾಳೆ.
ಅದನ್ನು ಯಾವ ಪುಟದಲ್ಲಿ ನಿಷೇಧಿಸುತ್ತೀರಿ?

ಬರೆದದ್ದು ಗುರುವಲ್ಲ, ಸಮಿತಿ. ನೀವೇ ಅಂದಿರಿ.
ಸಮಿತಿ ಎಂದರೆ ಎಂತ ಅಂತ ನನಗೆ ಗೊತ್ತುಂಟು.
ನಮ್ಮ ವಠಾರದಲ್ಲೂ ಒಂದುಂಟು,
ನೀರಿನ ಟಾಂಕಿಗೆ ಬೀಗ ಬೇಕೋ ಬೇಡವೋ ಎಂದು
ಮೂರು ವರ್ಷದಿಂದ ಕೂತಿದೆ.
ಹೇಳಿ, ಅಂದು ಕೈ ಎತ್ತಿದವರೆಷ್ಟು, ಎತ್ತದೆ
ಕಿಟಕಿಯಾಚೆ ನೋಡಿದವರೆಷ್ಟು?
ಚಹಾ ತಂದಿಟ್ಟವಳನ್ನು ಬಿಟ್ಟು
ಹೆಂಗಸರು ಆ ಕೋಣೆಯೊಳಗೆ ಎಷ್ಟು?
ಮತ್ತೆ ಅವರಲ್ಲಿ ಒಬ್ಬರಿಗಾದರೂ
ಆಟಿಯ ಮಳೆ ಗೊತ್ತಿತ್ತೆ?

ನೀವು ಸಿಟ್ಟಾಗಲಿಲ್ಲ. ಅದೇ ಕಷ್ಟವಾಯಿತು.
"ಕಟ್ಟು ಇಲ್ಲದಿದ್ದರೆ, ಪುತ್ತರ್, ನಾವು ಕೆಲವೇ ಜನ,
ಉಪ್ಪಿನ ಹಾಗೆ ಕರಗಿ ಹೋಗುತ್ತೇವೆ" ಎಂದಿರಿ.

ಸುಳ್ಳಲ್ಲ.
ಎಂಬತ್ತನಾಲ್ಕರಲ್ಲಿ ಅಪ್ಪ, ಘಾಟಿಯಾಚೆ ಎಲ್ಲೋ,
ಲಾರಿಯ ಕ್ಯಾಬಿನಿನಲ್ಲಿ ದೀಪ ಆರಿಸಿ ಕೂತಿದ್ದ.
ಕ್ಲೀನರ್ ಹುಡುಗ ಕತ್ತರಿ ಕೊಟ್ಟ,
ಜೀವ ಇದ್ದರೆ ಕೂದಲು ಬರುತ್ತದೆ ಎಂದ.
ಅಪ್ಪ ಕತ್ತರಿಸಲಿಲ್ಲ.
ಯಾಕೆ ಎಂದು ನಾನು ಕೇಳಿದ್ದೆ, ದೊಡ್ಡವಳಾದ ಮೇಲೆ.
ಪುಸ್ತಕದ ಹೆಸರು ಹೇಳಲಿಲ್ಲ.
"ಹೊರಡುವಾಗ ಬೀಜಿ ಎಣ್ಣೆ ಹಚ್ಚಿ ಜಡೆ ಕಟ್ಟಿದ್ದಳು"
ಅಂದ. ಆಮೇಲೆ ರೇಡಿಯೋದ ಕಿವಿ ತಿರುಗಿಸಿದ.

ಮೂರನೇ ದಿನ, ಮಳೆ ಹನಿ ಕಡಿಯದ ಬೆಳಿಗ್ಗೆ,
ನಮ್ಮ ಬಾಗಿಲಲ್ಲಿ ನೀವು. ತಲೆಗೆ ಸಣ್ಣ ಪಟ್ಕಾ,
ಕೈಯಲ್ಲಿ ಮುದ್ದೆಯಾದ ಕೇಸರಿ ಬಟ್ಟೆ.
ಇಸ್ತ್ರಿಪೆಟ್ಟಿಗೆ ಉಂಟಾ, ಎಂದು ಕೇಳಲು
ನಾಚಿಕೆಯಾಯಿತು ನಿಮಗೆ.
ಒಳಗೆ ಎಡೆಯೆಲೆ ಇನ್ನೂ ತೆಗೆದಿರಲಿಲ್ಲ.
ನೋಡಿದಿರಿ. ನೋಡಲಿಲ್ಲ.
ಅಮ್ಮ ಚಹಾಕ್ಕೆ ನೀರಿಟ್ಟಳು.

"ಆ ತುದಿ ಹಿಡಿ, ಪುತ್ತರ್."
ಹಿಡಿದೆ. ಅಪ್ಪನಿಗೆ ಹಿಡಿದ ಅಭ್ಯಾಸ,
ಕೈ ತಾನಾಗಿ ಮಡಿಕೆ ಹುಡುಕಿತು.
ಐದು ಗಜ ದೂರದಲ್ಲಿ ನೀವು, ನಾನು.
ನೀವು ಎಳೆದಿರಿ. ನಾನೂ ಬಿಡಲಿಲ್ಲ.
ನಡುವೆ ಬಟ್ಟೆ ಬಿಗಿಯಾಗಿ
ತೊಟ್ಟಿಕ್ಕತೊಡಗಿತು.

ಒಗ್ಗರಣೆಯ ಘಾಟಿನೊಳಗಿಂದ ಅಮ್ಮ:
"ಮೆಲ್ಲ ಮಾರಾಯ್ರೆ, ಹಳೇ ಬಟ್ಟೆ."