ತಂತಿಯದೇನೂ ತಪ್ಪಿರಲಿಲ್ಲ

ಪಾತ್ರೆಕ್ಸ್‌ಫ್ಯೋರ್ದುರ್ ಬಂದರಿನ ಮೀನು ಹರಾಜಿನಲ್ಲಿ
ಬೆಲೆ ಏರುವುದಿಲ್ಲ, ಇಳಿಯುತ್ತದೆ.
ಪರದೆಯ ಮೇಲೆ ಮುಳ್ಳು ಜಾರುತ್ತ ಬರುವಾಗ
ಯಾರು ಮೊದಲು ಗುಂಡಿ ಒತ್ತುತ್ತಾರೋ ರಾಶಿ ಅವರದು.
ಹ್ಯಾಡಕ್ ಮುಗಿದಿತ್ತು. ಕಾಡ್ ಇನ್ನೂ ಶುರುವಾಗಿರಲಿಲ್ಲ.
ಹಾಲ್ಮುಂಡುರ್ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕಾದ.
ಅವನ ಪರದೆಯಲ್ಲಿ ಮುಳ್ಳು ಕದಲಲೇ ಇಲ್ಲ.
ಉಳಿದವರ ಪರದೆಯಲ್ಲಿ ಇಳಿದು, ನಿಂತು,
ಎರಡು ಟನ್ನು ಮೀನು
ಬೇರೆ ಊರಿನ ಪಾಲಾಗಿತ್ತು.

ನನ್ನನ್ನು ಕರೆಸಿದರು.
ಹಿಮ ಗೋರುವ ಲಾರಿಯ ಬೆನ್ನಿಗೇ ತೆವಳುತ್ತ
ಮೂರು ಕಣಿವೆ ದಾಟಿ ಬಂದೆ.

ಮೊದಲು ತಂತಿಯ ಮೇಲೆಯೇ ಅನುಮಾನ. ಯಾವಾಗಲೂ ಹಾಗೆ.
ಕಣ್ಣಿಗೆ ಕಾಣುವುದು, ಕೈಗೆ ಸಿಗುವುದು ಅದೊಂದೇ ತಾನೆ?
ಉಪ್ಪುಗಾಳಿಗೆ ತೊಗಲು ಒರಟಾದ ನೀಲಿ ಕೇಬಲ್
ಕಿತ್ತೆಸೆದೆ. ಹೊಸದರ ಎಂಟು ಎಳೆ ಬಿಡಿಸಿ,
ಬಣ್ಣ ಹೊಂದಿಸಿ, ತುದಿಗೆ ಹಲ್ಲು ಕಚ್ಚಿಸಿದೆ.
ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಹೋಗಿತ್ತು.
ಸ್ವಿಚ್ಚಿನ ಕಿಂಡಿ ಬದಲಿಸಿದೆ, ಸ್ವಿಚ್ಚನ್ನೇ ಬದಲಿಸಿದೆ.
ಜ್ವರ ಯಾವ ಎತ್ತಿಗೋ,
ಬರೆ ಮಾತ್ರ ಸಿಕ್ಕಸಿಕ್ಕ ಎಮ್ಮೆಗೆಲ್ಲ.
ಹಸಿರು ದೀಪವೋ ಮಿಣುಕುತ್ತಲೇ ಇತ್ತು,
ಸತ್ತವನ ಕೈಗಡಿಯಾರದ ಹಾಗೆ.

ಐಸ್ ಯಂತ್ರ ಗುಡುಗಿದಾಗ ಹೀಗಾಗುತ್ತದೆ ಎಂದ ದೋಣಿಯ ಇಂಗ್ವಾರ್.
ಫೈಬರ್ ಕಂಪನಿಯ ಮೋಸ ಎಂದಳು ಲೆಕ್ಕದ ಸ್ವಾನ್‌ಲೌಗ್.
ರಾತ್ರಿ ಒಬ್ಬಳೇ ಪಿಂಗ್ ಕಳಿಸುತ್ತ ಕೂತೆ.
ಇದ್ದೀಯಾ? ಇದ್ದೇನೆ.
ಇದ್ದೀಯಾ? ಇದ್ದೇನೆ.
ಬೆಳಗಿನವರೆಗೆ ಒಂದೂ ತಪ್ಪಲಿಲ್ಲ.
ವೈದ್ಯರ ಎದುರು ಕೂತೊಡನೆ
ಮಾಯವಾಗುವ ಹಲ್ಲುನೋವು.

ಪೆಟ್ಟಿಗೆ ತೊಳೆಯುವ ಬೊಗ್ನಾ,
ಹತ್ತು ವರ್ಷದ ಹಿಂದೆ ಪೋಲೆಂಡಿನಿಂದ ಬಂದವಳು,
ನೀರಿನ ಪೈಪು ಮಡಚಿ ಹಿಡಿದು ಹೇಳಿದಳು:
"ನೀವು ಮಾತಾಡಿಸುವಾಗ ಅದು ಸರಿ ಇರುತ್ತೆ.
ಸುಮ್ಮನಾದರೆ ಹೋಗುತ್ತೆ."

ಆಗ ತೆರೆದು ನೋಡಿದೆ ಒಳಗಿನವನನ್ನು.
ಯಂತ್ರಕ್ಕೂ ತಂತಿಗೂ ನಡುವೆ ಕೂತ ಡ್ರೈವರ್:
ಬಸ್ಸಿಲ್ಲ, ಸ್ಟೀರಿಂಗಿಲ್ಲ,
ಇದರ ಮಾತು ಅದಕ್ಕೆ ದಾಟಿಸುವ ದುಭಾಷಿ ಅಷ್ಟೆ.
ಹೋದ ಮಂಗಳವಾರ ನಡುರಾತ್ರಿ
ಯಾರನ್ನೂ ಕೇಳದೆ ಹೊಸಬನೊಬ್ಬ ಆ ಜಾಗಕ್ಕೆ ಬಂದಿದ್ದ.
ಮಾತಿಲ್ಲದ ಹೊತ್ತಿನಲ್ಲಿ ತೂಕಡಿಸುವ ಜಾತಿ.
ಎಬ್ಬಿಸಿದರೆ ಏಳುತ್ತಾನೆ, ನಾಲ್ಕು ಸೆಕೆಂಡು ತಡವಾಗಿ.

ಬೊಗ್ನಾ ನಕ್ಕಳು. ಆಮೇಲೆ ನಗಲಿಲ್ಲ.
"ನಾನು ಬಸುರಿ ಇದ್ದಾಗ ಆಸ್ಪತ್ರೆಯಲ್ಲಿ
ಫೋನಿನೊಳಗೊಬ್ಬ ದುಭಾಷಿ ಇದ್ದ.
ಡಾಕ್ಟರು ಒಳ್ಳೆಯವರು. ನಾನೂ ಬಿಡಿಸಿ ಬಿಡಿಸಿ ಹೇಳಿದೆ.
ಎರಡು ದಿನದಿಂದ ಅಲುಗುತ್ತಿಲ್ಲ ಅಂದೆ.
ಅವನು ದಾಟಿಸಿದ್ದು 'ಸ್ವಲ್ಪ ಸುಸ್ತು' ಅಂತ.
ಆಮೇಲೆ ಕಾಗದ ಓದಿಸಿದಾಗ ಗೊತ್ತಾಯಿತು."
ಪೈಪಿನ ಮಡಿಕೆ ಬಿಟ್ಟಳು.
ಮೀನಿನ ಹುರುಪೆಗಳು ಜಾಲರಿಯತ್ತ ಓಡಿದವು.

ಪೆನ್‌ಡ್ರೈವಿನ ಮೂಲೆಯಿಂದ
ಎಂಟು ವರ್ಷ ಹಳೆಯ ಡ್ರೈವರನ್ನು ಹುಡುಕಿ ಕೂರಿಸಿದೆ.
'ವಿದ್ಯುತ್ ಉಳಿಸಲು ಈ ಸಾಧನವನ್ನು ಮಲಗಿಸಬಹುದು':
ಅದರ ಮುಂದಿನ ಚೌಕದ ಗುರುತು ಅಳಿಸಿದೆ.
ಆಮೇಲೆ ಎಲ್ಲರೂ ಸುಮ್ಮನೆ ಕೂತೆವು.
ಪರೀಕ್ಷೆ ಎಂದರೆ ಅದೇ: ಏನನ್ನೂ ಕೇಳದಿರುವುದು.
ಇಪ್ಪತ್ತು ನಿಮಿಷ. ನಲವತ್ತು.
ಇಂಗ್ವಾರ್ ಕೂಡ ಬಾಯಿ ಬಿಡಲಿಲ್ಲ.
ಕೊನೆಗೆ ಒಂದೇ ಸಲ, ಇದ್ದೀಯಾ?
ಇದ್ದೇನೆ.

ಹಳೆಯ ನೀಲಿ ಕೇಬಲ್ ಕಸಕ್ಕೆ ಹೋಗಲಿಲ್ಲ.
ಬೊಗ್ನಾ ಅದನ್ನು ಬಾಯ್ಲರಿನ ಮೇಲೆ ಎಳೆದು ಕಟ್ಟಿದ್ದಾಳೆ.
ಹನ್ನೆರಡು ಜೊತೆ ಒದ್ದೆ ಕೈಗವಸು ಹೊತ್ತು
ಒಂದಿಷ್ಟೂ ಜಗ್ಗಿಲ್ಲ.

ಇವತ್ತು ಮತ್ತೆ ಮಂಗಳವಾರ.
ಪರದೆಯ ಮೂಲೆಯಲ್ಲಿ ಸಣ್ಣ ಕಿಟಕಿ, ಬಹಳ ವಿನಯ:
ಹೊಸ ಆವೃತ್ತಿ ಸಿದ್ಧವಿದೆ.
ಈಗಲೇ ಹಾಕಲೇ? ರಾತ್ರಿ ಹಾಕಲೇ?
ಬೇಡ ಎನ್ನುವ ಗುಂಡಿಯನ್ನು
ಹುಡುಕುತ್ತಿದ್ದೇನೆ.